ಸೂಪರ್‌ಮಾರ್ಕೆಟ್ ಪಕ್ಕದಲ್ಲೇ ಇದ್ರೂ ಚಿಕ್ಕ ದಿನಸಿ ಅಂಗಡಿ ಉಳಿಯೋದು ಹೇಗೆ?

ಒಂದು ಏರಿಯಾಗೆ ದೊಡ್ಡ ಸೂಪರ್‌ಮಾರ್ಕೆಟ್ ಬಂತು ಅಂದ್ರೆ ಸಾಕು, ಇನ್ನು ಇಲ್ಲಿರೋ ಚಿಕ್ಕ ಅಂಗಡಿಗಳ ಕಥೆ ಮುಗೀತು ಅಂತ ಎಲ್ಲರೂ ಹೇಳೋಕೆ ಶುರು ಮಾಡ್ತಾರೆ. ಈ ಮಾತಿಗೆ ನೂರು ವರ್ಷದ ವಯಸ್ಸಾಗಿದೆ. ಅದು ಪೂರ್ತಿ ಸುಳ್ಳೂ ಅಲ್ಲ, ಲೆಕ್ಕ ಇಲ್ಲದಷ್ಟು ಅಂಗಡಿಗಳು ಬಾಗಿಲು ಹಾಕಿವೆ, ಅದರ ಹಿಂದೆ ಅಷ್ಟೇ ಮನೆಗಳ ಜೀವನ ಇತ್ತು. ಆದ್ರೆ ಉಳಿದುಕೊಂಡಿರೋ ಅಂಗಡಿಗಳೂ ಇವೆ, ಅವು ಯಾಕೆ ಉಳಿದ್ವು ಅಂತ ನೋಡೋಕೆ ಹೋದ್ರೆ ಉತ್ತರ ಕೌಂಟರ್ ಮುಂದೆ ಸಿಗಲ್ಲ, ಹಿಂದೆ ಸಿಗತ್ತೆ. ಹೊಸ ಬೋರ್ಡು, ಜಗಮಗ ಲೈಟು, ಗಾಜಿನ ಬಾಗಿಲು ಹಾಕಿಸೋದು ಕಣ್ಣಿಗೆ ಕಾಣೋ ಬದಲಾವಣೆ. ನಿಜವಾಗಿ ಅಂಗಡಿನ ಉಳಿಸೋದು ಮಾಲು ಯಾರಿಂದ ತರ್ತೀರಿ, ಯಾವ ರೇಟಿಗೆ ತರ್ತೀರಿ, ತಂದಿದ್ದು ಎಷ್ಟು ದಿನದಲ್ಲಿ ಖಾಲಿ ಆಗತ್ತೆ ಅನ್ನೋ ಮೂರು ವಿಷಯ. ನಾನು ಇಲ್ಲಿ ಹೇಳೋಕೆ ಹೊರಟಿರೋದು ಮುಖ್ಯವಾಗಿ ಇದನ್ನೇ.

ಮೊದಲು ದೊಡ್ಡವರು ಏನು ಮಾಡಿದ್ರು ಅಂತ ತಿಳ್ಕೊಬೇಕು. ಹಳೇ ಕಾಲದ ದಿನಸಿ ಅಂಗಡಿಲಿ ಕೌಂಟರ್ ಈ ಕಡೆ ಗಿರಾಕಿ ನಿಂತು ಚೀಟಿ ಓದ್ತಿದ್ರು, ಆ ಕಡೆ ಇರೋರು ತೂಗಿ, ಪೊಟ್ಟಣ ಕಟ್ಟಿ ಕೊಡ್ತಿದ್ರು. 1916ರ ಸೆಪ್ಟೆಂಬರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಅನ್ನೋರು ಪಿಗ್ಲಿ ವಿಗ್ಲಿ ಅಂತ ಒಂದು ಅಂಗಡಿ ತೆಗೆದ್ರು, ಅಲ್ಲಿ ಗಿರಾಕಿನೇ ಬುಟ್ಟಿ ಹಿಡ್ಕೊಂಡು ಒಳಗೆ ಓಡಾಡಿ ಬೇಕಾದ್ದು ಎತ್ಕೊಂಡು ಬಂದು ಬಾಗಿಲ ಹತ್ರ ದುಡ್ಡು ಕೊಡೋದು, ಈಗ ನಮಗೆ ಇದ್ರಲ್ಲಿ ಏನೂ ವಿಶೇಷ ಅನಿಸಲ್ಲ ಆದ್ರೆ ಆಗ ಇದು ದೊಡ್ಡ ಹೊಸತನ, ಅವರು ಇದಕ್ಕೆ ಪೇಟೆಂಟ್ ಕೂಡ ತಗೊಂಡ್ರು. 1930ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮೈಕೆಲ್ ಕಲೆನ್ ಅವರ ಕಿಂಗ್ ಕಲೆನ್ ಬಂತು, ದೊಡ್ಡ ಜಾಗ, ಅಗ್ಗದ ಬಾಡಿಗೆ, ರಾಶಿ ರಾಶಿ ಮಾಲು. 1963ರಲ್ಲಿ ಪ್ಯಾರಿಸ್ ಹತ್ರ ಕಾರ್ಫೂರ್‌ನವರು ದಿನಸಿಯಿಂದ ಬಟ್ಟೆ ತನಕ ಎಲ್ಲಾ ಒಂದೇ ಸೂರಿನ ಕೆಳಗೆ ಮಾರೋ ಹೈಪರ್‌ಮಾರ್ಕೆಟ್ ತೆಗೆದ್ರು.

ಈ ಎಲ್ಲದರ ಒಳಗಿರೋ ಉಪಾಯ ಒಂದೇ, ಅಂಗಡಿಯವರು ಮಾಡ್ತಿದ್ದ ಕೆಲಸವನ್ನ ಗಿರಾಕಿ ಮೇಲೆ ಹಾಕೋದು. ಹುಡುಕೋದು ಗಿರಾಕಿ, ಎತ್ಕೊಂಡು ಬರೋದು ಗಿರಾಕಿ, ದೂರ ಹೋಗೋಕೆ ಗಾಡಿ ಖರ್ಚು ಗಿರಾಕಿದು, ತಿಂಗಳಿಗಾಗೋಷ್ಟು ತಂದು ಮನೇಲಿ ಜಾಗ ಮಾಡಿ ಇಡೋದೂ ಗಿರಾಕಿನೇ. ಅಷ್ಟು ಕೆಲಸ ನಾವು ಮಾಡಿಕೊಡೋದಕ್ಕೆ ನಮಗೆ ರೇಟ್‌ನಲ್ಲಿ ಸ್ವಲ್ಪ ಕಮ್ಮಿ ಮಾಡ್ತಾರೆ. ಇದನ್ನ ತಲೇಲಿಟ್ಕೊಂಡು ನೋಡಿ, ಯಾರಿಗೆ ಈ ಕೆಲಸ ಮಾಡೋಕೆ ಆಗಲ್ವೋ, ಗಾಡಿ ಇಲ್ಲ, ಮನೇಲಿ ಜಾಗ ಇಲ್ಲ, ಒಂದೇ ಸಲಕ್ಕೆ ಅಷ್ಟು ದುಡ್ಡು ಹಾಕೋಕಾಗಲ್ಲ, ವಯಸ್ಸಾಗಿದೆ, ಮಗುನ ಬಿಟ್ಟು ಹೋಗೋಕಾಗಲ್ಲ, ಅವರೆಲ್ಲ ಚಿಕ್ಕ ಅಂಗಡಿ ಗಿರಾಕಿಗಳೇ. ಉಳಿದವರೂ ಕೂಡ ಅರ್ಜೆಂಟಾಗಿ ಏನೋ ಬೇಕಾದಾಗ ಅಲ್ಲಿಗೇ ಬರ್ತಾರೆ. ಹಾಗಾಗಿ ಚಿಕ್ಕ ಅಂಗಡಿಗೆ ಗಿರಾಕಿನೇ ಇಲ್ಲದ ಹಾಗೆ ಆಗೋದು ಅಪರೂಪ. ಕಷ್ಟ ಇರೋದು, ಆ ಗಿರಾಕಿಗೆ ಕೊಟ್ಟು ಅಂಗಡಿಯವರ ಕೈಲಿ ಏನಾದ್ರೂ ಉಳಿಯತ್ತಾ ಅನ್ನೋದ್ರಲ್ಲಿ.

ಇಲ್ಲೇ ಖರೀದಿ ವಿಷಯ ಬರೋದು. ಸಾವಿರ ಅಂಗಡಿ ಇರೋ ಚೈನ್‌ನವರು ಕಂಪನಿ ಜೊತೆ ನೇರವಾಗಿ ಕೂತು ಮಾತಾಡ್ತಾರೆ, ಲಾರಿ ಲೆಕ್ಕದಲ್ಲಿ ತಗೋತಾರೆ, ಡಿಸ್ಕೌಂಟ್ ಸಿಗತ್ತೆ. ಚಿಕ್ಕ ಅಂಗಡಿಯವರಿಗೆ ಅದೇ ಮಾಲು ಎರಡು ಮೂರು ಕೈ ದಾಟಿ ಬರತ್ತೆ, ಪ್ರತಿ ಕೈಯವರೂ ತಮ್ಮ ಪಾಲು ತೆಗೆದಿರ್ತಾರೆ. ಎಷ್ಟೋ ಸಲ ಸೂಪರ್‌ಮಾರ್ಕೆಟ್ ಆಫರ್‌ನಲ್ಲಿ ಮಾರೋ ರೇಟು ಚಿಕ್ಕ ಅಂಗಡಿಯವರು ಹೋಲ್‌ಸೇಲ್‌ನವರಿಗೆ ಕೊಡೋ ರೇಟಿಗಿಂತ ಕಮ್ಮಿ ಇರತ್ತೆ, ಅವರೇ ಅಲ್ಲಿ ಹೋಗಿ ಕೊಂಡ್ಕೊಂಡು ಬಂದು ಮಾರೋದೂ ಉಂಟು. ಇನ್ನೊಂದು ವಿಷಯ ಹೊರಗಿನವರಿಗೆ ಗೊತ್ತೇ ಆಗಲ್ಲ, ಅದು ಸಾಲದ ಗಡುವು. ದೊಡ್ಡವರು ಮಾಲು ತಗೊಂಡು 30 ದಿನ, 60 ದಿನ ಬಿಟ್ಟು ಸಪ್ಲೈಯರ್‌ಗೆ ದುಡ್ಡು ಕೊಡ್ತಾರೆ. ಆ ಮಾಲು 12 ದಿನದಲ್ಲಿ ಮಾರಾಟ ಆಯ್ತು ಅಂದ್ಕೊಳ್ಳಿ, 30 ದಿನದ ಗಡುವು ಇದ್ರೆ ಮಿಕ್ಕಿದ 18 ದಿನ ಸಪ್ಲೈಯರ್ ದುಡ್ಡು ಬಡ್ಡಿ ಇಲ್ಲದೆ ಅವರ ಕೈಲೇ ಇರತ್ತೆ, ಆ ದುಡ್ಡಲ್ಲೇ ಇನ್ನೊಂದು ಅಂಗಡಿ ತೆಗೀತಾರೆ. ಚಿಕ್ಕ ಅಂಗಡಿಯವರದ್ದು ಇದರ ಉಲ್ಟಾ, ಮಾಲಿಗೆ ಕೈಯಲ್ಲಿ ದುಡ್ಡು ಕೊಟ್ಟು ತಂದು ಗಿರಾಕಿಗೆ ಉದ್ರಿ ಕೊಡ್ತಾರೆ, ಅಂದ್ರೆ ಎರಡೂ ಕಡೆಯಿಂದ ಅವರ ದುಡ್ಡೇ ಸಿಕ್ಕಿ ಹಾಕ್ಕೊಂಡಿರತ್ತೆ. ಯುರೋಪಿಯನ್ ಯೂನಿಯನ್ 2019ರಲ್ಲಿ ಕಾನೂನು ಮಾಡಿ, ಕೆಟ್ಟು ಹೋಗೋ ಮಾಲಿಗೆ 30 ದಿನದ ಒಳಗೆ, ಬೇರೆ ಆಹಾರ ಪದಾರ್ಥಕ್ಕೆ 60 ದಿನದ ಒಳಗೆ ಸಪ್ಲೈಯರ್‌ಗೆ ದುಡ್ಡು ಕೊಡಲೇಬೇಕು ಅಂತ ದೊಡ್ಡ ಖರೀದಿದಾರರಿಗೆ ಗಡುವು ಹಾಕಬೇಕಾಯ್ತು ಅಂದ್ರೆ ಈ ಅಭ್ಯಾಸ ಎಷ್ಟು ಬೇರೂರಿದೆ ಅಂತ ಊಹಿಸಿ. ದೊಡ್ಡವರಿಗೂ ಲಾಭ ತುಂಬಾ ಇದೆ ಅಂದ್ಕೊಬೇಡಿ, ದಿನಸಿ ವ್ಯಾಪಾರದಲ್ಲಿ ಎಲ್ಲಾ ಖರ್ಚು ಕಳೆದು ನೂರಕ್ಕೆ ಒಂದೆರಡು ಮೂರು ಉಳಿದ್ರೆ ಅದೇ ಚೆನ್ನಾಗಿ ನಡೆಯೋ ಕಂಪನಿ. ಇಷ್ಟು ತೆಳ್ಳಗಿರೋ ಲಾಭದಲ್ಲಿ ಖರೀದಿಲಿ ಎರಡು ಪರ್ಸೆಂಟ್ ವ್ಯತ್ಯಾಸ ಆದ್ರೂ ಅದು ಬದುಕೋದು ಸಾಯೋದರ ವ್ಯತ್ಯಾಸ.

ಇದಕ್ಕೆ ಚಿಕ್ಕ ಅಂಗಡಿಯವರು ಕಂಡುಕೊಂಡ ಅತ್ಯಂತ ದೊಡ್ಡ ಉತ್ತರ, ಸೇರಿ ಕೊಳ್ಳೋದು. 1898ರಲ್ಲಿ ಬರ್ಲಿನ್ ನಗರದ ಒಂದು ಭಾಗದ ದಿನಸಿ ವ್ಯಾಪಾರಿಗಳು ಸೇರಿ ಖರೀದಿಗೆ ಅಂತಾನೇ ಒಂದು ಸಹಕಾರ ಸಂಘ ಮಾಡ್ಕೊಂಡ್ರು. ಆಮೇಲೆ ಬೇರೆ ಬೇರೆ ಕಡೆಯ ಇಂಥ ಸಂಘಗಳೂ ಕೂಡ್ಕೊಂಡು ಬೆಳೆದಿದ್ದೇ ಎಡೆಕಾ, ಅದು ಇವತ್ತು ಜರ್ಮನಿಯ ಅತಿ ದೊಡ್ಡ ದಿನಸಿ ಮಾರಾಟ ಗುಂಪು, ಆದ್ರೂ ಅದರ ಎಷ್ಟೋ ಅಂಗಡಿಗಳಿಗೆ ಈಗಲೂ ಸ್ವತಂತ್ರ ವ್ಯಾಪಾರಿಗಳೇ ಮಾಲೀಕರು. ಅಮೆರಿಕದಲ್ಲಿ ಎ ಅಂಡ್ ಪಿ ಅನ್ನೋ ಚೈನ್ ಸುಮಾರು 15,000 ಅಂಗಡಿ ತನಕ ಬೆಳೀತಿದ್ದ ಕಾಲ ಅದು, 1926ರಲ್ಲಿ ಷಿಕಾಗೋದಲ್ಲಿ ಫ್ರಾಂಕ್ ಗ್ರೈಮ್ಸ್ ಅವರ ಮುಂದಾಳತ್ವದಲ್ಲಿ ಐಜಿಎ ಅಂತ ಸ್ವತಂತ್ರ ದಿನಸಿ ವ್ಯಾಪಾರಿಗಳ ಒಕ್ಕೂಟ ಶುರುವಾಯ್ತು. 1932ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆಡ್ರಿಯಾನ್ ವಾನ್ ವೆಲ್ ಅನ್ನೋ ಹೋಲ್‌ಸೇಲ್ ವ್ಯಾಪಾರಿ ಸ್ಪಾರ್ ಶುರು ಮಾಡಿದ್ರು, ಅದು ಈಗ ಎಷ್ಟೋ ದೇಶದಲ್ಲಿದೆ. ಸ್ವೀಡನ್‌ನ ಐಸಿಎ, ಫ್ರಾನ್ಸ್‌ನ ಲೆಕ್ಲೆರ್ಕ್ ಇವೂ ಅಂಗಡಿ ಮಾಲೀಕರು ಬೇರೆ ಬೇರೆ, ಹೆಸರು ಮತ್ತು ಖರೀದಿ ಮಾತ್ರ ಒಟ್ಟಿಗೆ ಅನ್ನೋ ಮಾದರಿಯವೇ. ಹೊರಗಿಂದ ನೋಡೋರಿಗೆ ಇವೆಲ್ಲ ಸೂಪರ್‌ಮಾರ್ಕೆಟ್ ಚೈನ್ ಥರನೇ ಕಾಣತ್ತೆ, ಎಷ್ಟೋ ಜನಕ್ಕೆ ಇದರ ಬುಡ ಚಿಕ್ಕ ಅಂಗಡಿಗಳದ್ದು ಅಂತಾನೇ ಗೊತ್ತಿಲ್ಲ, ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸೋ ಸಂಗತಿ ಇದು.

ಒಟ್ಟಿಗೆ ಕೊಳ್ಳೋದು ಅಂದ್ರೆ ಸುಮ್ನೆ ಆರ್ಡರ್ ಸೇರಿಸಿ ಕಳಿಸೋದಲ್ಲ. ಎಲ್ಲರೂ ಒಂದೇ ಬ್ರ್ಯಾಂಡಿನ ಮಾಲು ತಗೋಬೇಕು, ಇಲ್ಲ ಅಂದ್ರೆ ಆರ್ಡರ್ ಹರಿದು ಹಂಚಿ ಹೋಗಿ ಡಿಸ್ಕೌಂಟೇ ಸಿಗಲ್ಲ. ಮಾಲು ಇಳಿಸೋಕೆ ಗೋದಾಮು ಬೇಕು, ಅದರ ಬಾಡಿಗೆ ಯಾರು ಕೊಡ್ತಾರೆ ಅನ್ನೋದು ಬರತ್ತೆ. ಒಬ್ಬರು ದುಡ್ಡು ಕೊಡೋದು ತಡ ಮಾಡಿದ್ರೆ ಮಿಕ್ಕವರು ತುಂಬಬೇಕಾಗತ್ತೆ, ಅಲ್ಲಿಗೆ ಜಗಳ ಶುರು. ಅದಕ್ಕೇ ಇಂಥ ಪ್ರಯತ್ನಗಳು ಎರಡು ರೀತಿಯಲ್ಲಿ ಗಟ್ಟಿ ಆಗಿವೆ, ಒಂದು ಅಂಗಡಿಯವರೇ ಷೇರು ಹಾಕಿ ಗೋದಾಮಿನ ಮಾಲೀಕರಾಗೋದು, ಎಡೆಕಾ ಥರ, ಇನ್ನೊಂದು ಒಬ್ಬ ಹೋಲ್‌ಸೇಲ್ ವ್ಯಾಪಾರಿ ಮುಂದಾಳಾಗಿ ಸುತ್ತಲಿನ ಅಂಗಡಿಗಳನ್ನ ಸೇರಿಸಿಕೊಳ್ಳೋದು, ಸ್ಪಾರ್ ಥರ. ಹೋಲ್‌ಸೇಲ್‌ನವರಿಗೂ ಇದ್ರಲ್ಲಿ ಸ್ವಾರ್ಥ ಇದೆ, ಚಿಕ್ಕ ಅಂಗಡಿಗಳು ಸತ್ತರೆ ಅವರ ಗಿರಾಕಿಗಳೇ ಹೋದ ಹಾಗೆ, ಯಾಕಂದ್ರೆ ದೊಡ್ಡ ಚೈನ್‌ನವರಿಗೆ ಅವರು ಬೇಕಾಗಿಲ್ಲ. ನಾಲ್ಕು ಅಂಗಡಿಯವರು ಸೇರ್ಕೊಂಡು ಹತ್ತೇ ಐಟಂ ಒಟ್ಟಿಗೆ ತರಿಸೋದ್ರಿಂದ ಶುರು ಮಾಡಿದ್ರೂ ಈ ದಾರಿ ನಡೆಯತ್ತೆ, ಲೆಕ್ಕ ಪಾರದರ್ಶಕ ಆಗಿರಬೇಕು ಅಷ್ಟೇ.

ಇನ್ನು ಮೂರನೇ ವಿಷಯ, ಮಾಲು ತಿರುಗೋ ವೇಗ, ಅಂದ್ರೆ ತಂದಿದ್ದು ಎಷ್ಟು ದಿನದಲ್ಲಿ ಖಾಲಿ ಆಗತ್ತೆ ಅನ್ನೋದು. ಇದನ್ನ ಒಂದು ಲೆಕ್ಕದಲ್ಲಿ ನೋಡೋಣ. ಒಂದು ಐಟಂ ಮೇಲೆ ನೂರಕ್ಕೆ 20 ಲಾಭ ಸಿಗತ್ತೆ, ಆದ್ರೆ ಅದು ಖಾಲಿ ಆಗೋಕೆ ಎರಡು ತಿಂಗಳು ಬೇಕು. ಇನ್ನೊಂದರ ಮೇಲೆ ನೂರಕ್ಕೆ ಬರೀ 8, ಆದ್ರೆ ವಾರಕ್ಕೊಮ್ಮೆ ಖಾಲಿ. ಮೊದಲನೇದರಲ್ಲಿ ಹಾಕಿದ ಅದೇ ನೂರು ವರ್ಷಕ್ಕೆ 6 ಸಲ ತಿರುಗಿ 120 ದುಡಿಯತ್ತೆ, ಎರಡನೇದರಲ್ಲಿ 52 ಸಲ ತಿರುಗಿ 416 ದುಡಿಯತ್ತೆ. ಅಂಗಡಿಲಿ ಕೂತವರ ಕಣ್ಣಿಗೆ 20 ದೊಡ್ಡದಾಗಿ ಕಾಣತ್ತೆ, ಹಾಗಾಗಿ ಶೆಲ್ಫಿನ ಒಳ್ಳೇ ಜಾಗ ಅದಕ್ಕೇ ಹೋಗತ್ತೆ, ವರ್ಷದ ಕೊನೇಲಿ ನೋಡಿದ್ರೆ ಕೈಲಿ ದುಡ್ಡಿಲ್ಲ, ಎಲ್ಲಾ ಧೂಳು ತಿನ್ನೋ ಮಾಲಾಗಿ ಕೂತಿರತ್ತೆ. ಬಾಡಿಗೆ ಕೊಡೋ ಒಂದೊಂದು ಅಡಿ ಜಾಗಕ್ಕೂ ಇದೇ ಲೆಕ್ಕ. ಮಾಲು ಬೇಗ ತಿರುಗಿದ್ರೆ ಹೋಲ್‌ಸೇಲ್‌ನವರಿಗೆ ಹೊತ್ತಿಗೆ ಸರಿಯಾಗಿ ದುಡ್ಡು ಕಟ್ಟಬಹುದು, ಹಾಗೆ ಕಟ್ಟೋರಿಗೆ ರೇಟೂ ಗಡುವೂ ಎರಡೂ ಒಳ್ಳೇದು ಸಿಗತ್ತೆ, ಅಂದ್ರೆ ವೇಗ ಖರೀದಿಯನ್ನೂ ಸುಧಾರಿಸತ್ತೆ.

ಇದನ್ನ ಯಾರಿಗಿಂತಲೂ ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದು ಜಪಾನ್. ಅಲ್ಲಿ 1973ರಲ್ಲಿ ದೊಡ್ಡ ಅಂಗಡಿಗಳಿಗೆ ಕಡಿವಾಣ ಹಾಕೋ ಕಾನೂನು ಬಂತು. ಸೂಪರ್‌ಮಾರ್ಕೆಟ್ ನಡೆಸ್ತಿದ್ದ ಇಟೊ-ಯೊಕಾಡೊ ಕಂಪನಿ ಅದೇ ವರ್ಷ ಅಮೆರಿಕದಿಂದ ಸೆವೆನ್-ಇಲೆವೆನ್ ಅನ್ನೋ ಚಿಕ್ಕ ಅಂಗಡಿಗಳ ಚೈನಿನ ಹೆಸರಿನ ಲೈಸೆನ್ಸ್ ತಗೊಂಡು, 1974ರ ಮೇ ತಿಂಗಳಲ್ಲಿ ಟೋಕಿಯೋದ ಟೊಯೊಸು ಅನ್ನೋ ಕಡೆ ಮೊದಲ ಅಂಗಡಿ ತೆಗೀತು, ಅದು ಹೊಸ ಕಟ್ಟಡ ಏನಲ್ಲ, ಒಂದು ಕುಟುಂಬದ ಮದ್ಯದಂಗಡಿನೇ ಬದಲಾಗಿ ಹಾಗಾಯ್ತು. ಚಿಕ್ಕ ಜಾಗ, ಆದ್ರೆ ಮಾಲನ್ನ ಚೂರು ಚೂರೇ, ಮತ್ತೆ ಮತ್ತೆ ತರಿಸೋದು, ಹಾಗಾಗಿ ಗೋದಾಮು ಬೇಡ. 1980ರ ದಶಕದ ಶುರುವಲ್ಲಿ ಎಲ್ಲಾ ಅಂಗಡಿಗೂ ಬಿಲ್ಲಿಂಗ್ ಕಂಪ್ಯೂಟರ್ ಹಾಕಿ, ಯಾವ ಐಟಂ ಯಾವ ಹೊತ್ತಲ್ಲಿ ಹೋಗತ್ತೆ ಅಂತ ಒಂದೊಂದನ್ನೂ ಬೇರೆ ಬೇರೆಯಾಗಿ ಗಮನಿಸೋಕೆ ಶುರು ಮಾಡಿದ್ರು, ಹೋಗದೇ ಇರೋದನ್ನ ಮುಲಾಜಿಲ್ಲದೆ ತೆಗೆದ್ರು. 1991ರಲ್ಲಿ ಕೊನೆಗೆ ಆ ಅಮೆರಿಕದ ಮೂಲ ಕಂಪನಿಯನ್ನೇ ಜಪಾನಿನವರು ಕೈಗೆ ತಗೊಂಡ್ರು. ಇವತ್ತು ಬಾರ್‌ಕೋಡ್ ಓದೋ ಆ್ಯಪ್ ಮಾಮೂಲಿ ಫೋನಿನಲ್ಲೇ ಇದೆ, ಆ ಕಾಲದಲ್ಲಿ ದೊಡ್ಡ ಕಂಪನಿಗಳಿಗೆ ಮಾತ್ರ ಸಿಗ್ತಿದ್ದ ಲೆಕ್ಕ ಈಗ ಯಾರಿಗೆ ಬೇಕಾದ್ರೂ ಸಿಗತ್ತೆ. ಆದ್ರೆ ಬರೀ ಬಿಲ್ ಹೊಡೆಯೋಕೆ ಮಷೀನ್ ಇಟ್ಕೊಂಡ್ರೆ ಪ್ರಯೋಜನ ಇಲ್ಲ, ತಿಂಗಳಿಗೊಮ್ಮೆ ಆ ಲಿಸ್ಟ್ ತೆಗೆದು ಕೆಳಗಿರೋ ಐಟಂಗಳನ್ನ ನಿಲ್ಲಿಸೋ ಧೈರ್ಯ ಬೇಕು, ಕಷ್ಟ ಇರೋದು ಅಲ್ಲೇ, ಯಾಕಂದ್ರೆ ಯಾರೋ ಒಬ್ಬ ಹಳೇ ಗಿರಾಕಿ ಅದನ್ನ ಕೇಳಿಬಿಟ್ರೆ ಇಲ್ಲ ಅನ್ನೋಕೆ ಮನಸ್ಸು ಬರಲ್ಲ.

ರೇಟಿನ ವಿಷಯದಲ್ಲೂ ಒಂದು ಸೂಕ್ಷ್ಮ ಇದೆ. ಗಿರಾಕಿಗಳಿಗೆ ಅಂಗಡಿಲಿರೋ ಎಲ್ಲಾ ಐಟಂ ರೇಟೂ ನೆನಪಿರಲ್ಲ, ದಿನಾ ಕೊಳ್ಳೋ ಕೆಲವು ಐಟಂಗಳದ್ದು ಮಾತ್ರ ಬಾಯಿಪಾಠ ಇರತ್ತೆ, ಅವುಗಳ ಮೇಲೇ ಈ ಅಂಗಡಿ ದುಬಾರಿ, ಆ ಅಂಗಡಿ ಸೋವಿ ಅಂತ ತೀರ್ಮಾನ ಮಾಡೋದು. ಸೂಪರ್‌ಮಾರ್ಕೆಟ್‌ನವರು ಇದನ್ನ ಚೆನ್ನಾಗಿ ಬಲ್ಲರು, ಅದಕ್ಕೇ ಪಾಂಪ್ಲೆಟ್‌ನಲ್ಲಿ ಯಾವಾಗಲೂ ಅವೇ ಐಟಂ ಇರತ್ತೆ. ಚಿಕ್ಕ ಅಂಗಡಿಯವರು ಎಲ್ಲದರಲ್ಲೂ ರೇಟ್ ಇಳಿಸೋಕೆ ಹೋದ್ರೆ ಮುಳುಗ್ತಾರೆ, ಆ ಕೆಲವೇ ಐಟಂಗಳಲ್ಲಿ ಹತ್ತಿರ ಹತ್ತಿರ ಇದ್ರೆ ಸಾಕು. ಹಾಗಂತ ಮಿಕ್ಕಿದ್ದರಲ್ಲಿ ಬಾಯಿಗೆ ಬಂದ ರೇಟ್ ಹೇಳಬಹುದು ಅಂತ ಅಲ್ಲ, ಒಂದು ಸಲ ಮೋಸ ಅನಿಸಿದ್ರೆ ಅಷ್ಟು ವರ್ಷದ ನಂಬಿಕೆ ಹೋಯ್ತು.

ಉದ್ರಿ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಸೂಪರ್‌ಮಾರ್ಕೆಟ್ ಕೊಡೋಕೆ ಆಗದೇ ಇರೋದು ಚಿಕ್ಕ ಅಂಗಡಿ ಹತ್ರ ಒಂದಿದ್ರೆ ಅದು ಇದು. ಯಾರ ಸಂಬಳ ಯಾವತ್ತು ಬರತ್ತೆ, ಯಾರ ಮನೇಲಿ ಈ ತಿಂಗಳು ಕಷ್ಟ, ಯಾರು ಕೊಡ್ತಾರೆ ಯಾರು ಕೊಡಲ್ಲ ಅನ್ನೋದು ಬ್ಯಾಂಕಿನವರಿಗೆ ಗೊತ್ತಿರಲ್ಲ, ಅಂಗಡಿಯವರಿಗೆ ಗೊತ್ತಿರತ್ತೆ. ದಿನಗೂಲಿ ಮೇಲೆ ಬದುಕೋರಿಗೆ ಇದು ಅನುಕೂಲಕ್ಕಿಂತ ಹೆಚ್ಚಿನದು, ತಿಂಗಳ ಕೊನೇ ವಾರ ಒಲೆ ಹಚ್ಚೋದಕ್ಕೆ ಸಂಬಂಧಪಟ್ಟಿದ್ದು, ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಗ್ತಿಲ್ಲ ಅಂತ ನನಗೆ ಬಲವಾಗಿ ಅನಿಸತ್ತೆ. ಆದ್ರೆ ಮೇಲೆ ಹೇಳಿದ ವೇಗದ ಲೆಕ್ಕ ಇಲ್ಲೂ ಇದೆ, ಉದ್ರಿ ಹೋದ ದುಡ್ಡು ವಾಪಸ್ ಬರೋ ತನಕ ತಿರುಗಲ್ಲ. ಅದಕ್ಕೆ ಉಳಿದುಕೊಂಡಿರೋ ಅಂಗಡಿಯವರು ಉದ್ರಿ ನಿಲ್ಲಿಸಲ್ಲ, ಮನೆಗೊಂದು ಮಿತಿ ಇಡ್ತಾರೆ, ಹಳೇದು ತೀರಿಸಿದ ಮೇಲೆ ಹೊಸದು ಅನ್ನೋ ನಿಯಮ ಇಡ್ತಾರೆ, ಲೆಕ್ಕನ ಫೋನಲ್ಲಿ ಬರೆದು ಗಿರಾಕಿಗೂ ಮೆಸೇಜ್ ಹೋಗೋ ಹಾಗೆ ಮಾಡ್ತಾರೆ, ಹಾಗೆ ಮಾಡಿದ್ರೆ ತಿಂಗಳ ಕೊನೇಲಿ ಇಷ್ಟಿಲ್ಲ ಅಷ್ಟಿದೆ ಅನ್ನೋ ವಾದನೇ ಇರಲ್ಲ.

ಅಂಗಡಿಗೆ ಜನ ಬರೋ ಕಾರಣನ ಹೆಚ್ಚಿಸೋದು ಇನ್ನೊಂದು ದಾರಿ. ಕೀನ್ಯಾದಲ್ಲಿ 2007ರಲ್ಲಿ ಎಂ-ಪೆಸಾ ಅಂತ ಮೊಬೈಲಲ್ಲಿ ದುಡ್ಡು ಕಳಿಸೋ ವ್ಯವಸ್ಥೆ ಬಂದಾಗ, ದುಡ್ಡು ಹಾಕೋಕೆ ತೆಗೆಯೋಕೆ ಏಜೆಂಟ್‌ಗಳು ಬೇಕಿತ್ತು, ಎಷ್ಟೋ ಕಡೆ ಆ ಏಜೆಂಟ್‌ಗಳಾಗಿದ್ದು ಚಿಕ್ಕ ಅಂಗಡಿಯವರೇ. ಕಮಿಷನ್ ಚಿಕ್ಕದು, ಆದ್ರೆ ದುಡ್ಡು ತೆಗೆಯೋಕೆ ಬಂದವರು ಅಲ್ಲೇ ಏನೋ ಕೊಂಡ್ಕೊಂಡು ಹೋಗ್ತಾರೆ. ಪಾರ್ಸೆಲ್ ಇಟ್ಕೊಳ್ಳೋದು, ಬಿಲ್ ಕಟ್ಟಿಸಿಕೊಳ್ಳೋದು, ರೀಚಾರ್ಜ್ ಇವೆಲ್ಲ ಇದೇ ಜಾತಿಯವು. ಕೌಂಟರ್‌ನಲ್ಲಿ ಒಬ್ಬರೇ ಇದ್ರೆ ಮಾತ್ರ ಇದನ್ನೆಲ್ಲ ತಲೆ ಮೇಲೆ ಹಾಕ್ಕೊಳ್ಳೋ ಮುಂಚೆ ಯೋಚನೆ ಮಾಡ್ಬೇಕು, ಪಾರ್ಸೆಲ್ ಹುಡುಕೋ ಹೊತ್ತಲ್ಲಿ ದಿನಸಿ ಗಿರಾಕಿ ಕಾದು ಕಾದು ಹೊರಟು ಹೋಗ್ತಾರೆ.

ಈಗ ಆನ್‌ಲೈನ್. ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡೋ ಕಂಪನಿಗಳನ್ನ ನೋಡಿ ಅಂಗಡಿಯವರು ಸೂಪರ್‌ಮಾರ್ಕೆಟ್‌ಗಿಂತ ಜಾಸ್ತಿ ಹೆದರಿದ್ದಾರೆ, ಹೆದರೋದ್ರಲ್ಲಿ ಅರ್ಥ ಇದೆ, ಯಾಕಂದ್ರೆ ಸೂಪರ್‌ಮಾರ್ಕೆಟ್ ತಿಂಗಳ ಖರೀದಿ ಕಿತ್ಕೊಂಡ್ರೆ ಇವರು ಅರ್ಜೆಂಟ್ ಖರೀದಿಗೇ ಕೈ ಹಾಕಿದ್ದಾರೆ, ಚಿಕ್ಕ ಅಂಗಡಿಯ ಕೊನೇ ಆಸರೆ ಅದೇ ಆಗಿತ್ತು. ಆದ್ರೆ ಈ ಕಂಪನಿಗಳು ಗಿರಾಕಿ ಮೇಲೆ ಹಾಕಿದ್ದ ಕೆಲಸನ ಮತ್ತೆ ತಮ್ಮ ಮೇಲೇ ಎಳ್ಕೊಂಡಿವೆ, ಹುಡುಕೋದು ಅವರು, ಕಟ್ಟೋದು ಅವರು, ಮನೆ ತನಕ ಒಯ್ಯೋದು ಅವರು, ಇದಕ್ಕೆಲ್ಲ ಸಂಬಳ ಕೊಡಬೇಕು. ಇಸ್ತಾಂಬುಲ್‌ನಲ್ಲಿ 2015ರಲ್ಲಿ ಶುರುವಾದ ಗೆಟಿರ್ ಅನ್ನೋ ಇಂಥದೇ ಕಂಪನಿ ಯುರೋಪ್, ಅಮೆರಿಕ ತನಕ ಹೋಯ್ತು, 2022ರಲ್ಲಿ ಬರ್ಲಿನ್‌ನ ಗೊರಿಲ್ಲಾಸ್ ಕಂಪನಿನೂ ಕೊಂಡ್ಕೊಂಡಿತು, 2024ರಲ್ಲಿ ಬ್ರಿಟನ್, ಯುರೋಪ್, ಅಮೆರಿಕ ಎಲ್ಲಾ ಬಿಟ್ಟು ವಾಪಸ್ ಟರ್ಕಿಗೆ ಬಂತು. ಹಾಗಂತ ಈ ವ್ಯಾಪಾರ ಎಲ್ಲಾ ಕಡೆ ಮುಳುಗತ್ತೆ ಅಂತ ಹೇಳೋಕಾಗಲ್ಲ, ಮನೆಗಳು ಒತ್ತಾಗಿರೋ ಕಡೆ, ಆರ್ಡರ್ ಜಾಸ್ತಿ ಇರೋ ಕಡೆ ಲೆಕ್ಕ ಕೂಡಿ ಬರಬಹುದು. ಚಿಕ್ಕ ಅಂಗಡಿಯವರಿಗೆ ಇಲ್ಲಿರೋ ಅನುಕೂಲ ಏನಂದ್ರೆ ಅವರ ಅಂಗಡಿ ಈಗಾಗಲೇ ಆ ಬೀದಿಯಲ್ಲೇ ಇದೆ, ಮೆಸೇಜಲ್ಲಿ ಚೀಟಿ ಬಂದ್ರೆ ಕಟ್ಟಿಟ್ಟು ಸಂಜೆ ಒಂದೇ ಸುತ್ತಲ್ಲಿ ಹತ್ತು ಮನೆಗೆ ಕೊಟ್ಟು ಬರಬಹುದು. ಒಂದೊಂದು ಮನೆಗೂ ಬೇರೆ ಬೇರೆ ಓಡೋದು ದುಬಾರಿ, ಒಟ್ಟಿಗೆ ಸುತ್ತೋದು ಅಗ್ಗ. ಹತ್ತು ನಿಮಿಷದ ಪೈಪೋಟಿಗೆ ಇಳಿಯೋದು ಬೇಡ, ಹೇಳಿದ ಹೊತ್ತಿಗೆ ತಪ್ಪದೆ ಹೋದ್ರೆ ಸಾಕು.

ಸರ್ಕಾರ ಕಾನೂನು ಮಾಡಿ ಉಳಿಸಬೇಕು ಅನ್ನೋರೂ ಇದ್ದಾರೆ. ಅಮೆರಿಕ 1936ರಲ್ಲಿ ರಾಬಿನ್ಸನ್-ಪ್ಯಾಟ್‌ಮನ್ ಕಾಯ್ದೆ ತಂದು, ಒಂದೇ ಮಾಲನ್ನ ದೊಡ್ಡವರಿಗೊಂದು ಚಿಕ್ಕವರಿಗೊಂದು ರೇಟಲ್ಲಿ ಕೊಟ್ಟು ಪೈಪೋಟಿ ಕೆಡಿಸೋ ಹಾಗಿಲ್ಲ ಅಂತು. ಫ್ರಾನ್ಸ್ 1973ರಲ್ಲಿ ರೊಯೆ ಕಾನೂನು ಮಾಡಿ ದೊಡ್ಡ ಅಂಗಡಿ ತೆಗೆಯೋಕೆ ಸ್ಥಳೀಯ ಸಮಿತಿ ಪರ್ಮಿಷನ್ ಬೇಕು ಅಂತು. ಜಪಾನಿನ ಕಾನೂನು 2000ದಲ್ಲಿ ರದ್ದಾಯ್ತು. ಇವುಗಳಿಂದ ಸಿಕ್ಕಿದ್ದು ಸಮಯ, ಆ ಸಮಯದಲ್ಲಿ ಖರೀದಿ ಸರಿ ಮಾಡ್ಕೊಂಡವರಿಗೆ ಉಪಯೋಗ ಆಯ್ತು. ದೊಡ್ಡವರೂ ಕಾಯಂ ಅಲ್ಲ ಅನ್ನೋದನ್ನೂ ಸೇರಿಸ್ತೀನಿ. ಹಾರ್ವರ್ಡ್ ಯೂನಿವರ್ಸಿಟಿಯ ಪ್ರೊಫೆಸರ್ ಮಾಲ್ಕಮ್ ಮೆಕ್‌ನೇರ್ 1958ರಲ್ಲಿ ಹೇಳಿದ ಪ್ರಕಾರ ಅಗ್ಗ ಅಂತ ಒಳಗೆ ಬಂದ ವ್ಯಾಪಾರ ಬರ್ತಾ ಬರ್ತಾ ಸೌಕರ್ಯ, ಅಲಂಕಾರ ಹೆಚ್ಚಿಸ್ಕೊಂಡು ತಾನೇ ದುಬಾರಿ ಆಗತ್ತೆ, ಆಗ ಅದರ ಕೆಳಗೆ ಇನ್ನೊಬ್ಬರಿಗೆ ಜಾಗ ಆಗತ್ತೆ. ಚಿಕ್ಕವರೆಲ್ಲ ಹೆದರಿದ್ದ ಆ ಎ ಅಂಡ್ ಪಿ 2015ರಲ್ಲಿ ದಿವಾಳಿಯಾಗಿ ಮುಚ್ಚಿತು, ಐಜಿಎ ಇನ್ನೂ ಇದೆ.

ಆದ್ರೆ ಒಟ್ಟಿಗೆ ಕೊಳ್ಳೋದ್ರಲ್ಲೂ ಅಪಾಯ ಇದೆ, ಇದನ್ನ ಹೇಳದೆ ಬಿಟ್ರೆ ತಪ್ಪಾಗತ್ತೆ. ಬ್ರಿಟನ್‌ನಲ್ಲಿ ಸಾವಿರಾರು ಸ್ವತಂತ್ರ ಅಂಗಡಿಗಳಿಗೆ ಮಾಲು ಕೊಡ್ತಿದ್ದ ಬುಕರ್ ಅನ್ನೋ ಹೋಲ್‌ಸೇಲ್ ಕಂಪನಿಯನ್ನ 2018ರಲ್ಲಿ ಟೆಸ್ಕೊ ಅನ್ನೋ ದೊಡ್ಡ ಸೂಪರ್‌ಮಾರ್ಕೆಟ್ ಚೈನ್ ಕೊಂಡ್ಕೊಂಡಿತು. ಬುಕರ್‌ಗೆ ಸೇರಿದ ಪ್ರೀಮಿಯರ್, ಲಂಡಿಸ್ ಅನ್ನೋ ಹೆಸರಿನ ಬೋರ್ಡ್ ಹಾಕ್ಕೊಂಡಿದ್ದ ಅಂಗಡಿಯವರಿಗೆ ಬೆಳಗಾಗೋದರಲ್ಲಿ ತಮ್ಮ ಎದುರಾಳಿನೇ ತಮ್ಮ ಸಪ್ಲೈಯರ್ ಆದ ಹಾಗಾಯ್ತು. ರೇಟ್ ಚೆನ್ನಾಗೇ ಸಿಗಬಹುದು, ಆದ್ರೆ ನಿಮ್ಮ ಅಂಗಡಿಲಿ ಏನು ಹೋಗತ್ತೆ, ಎಷ್ಟು ಹೋಗತ್ತೆ ಅನ್ನೋ ಮಾಹಿತಿ ಈಗ ಯಾರ ಕೈಲಿದೆ ಅಂತ ಯೋಚಿಸಿ. ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ತಗೊಂಡು ಅಂಗಡಿ ಬಾಗಿಲಿಗೆ ಮಾಲು ತಂದುಕೊಡೋ ಕಂಪನಿಗಳ ವಿಷಯದಲ್ಲೂ ಇದೇ ಪ್ರಶ್ನೆ ಇದೆ. ಮೊದಲು ಒಳ್ಳೇ ರೇಟ್ ಕೊಟ್ಟು ಅಭ್ಯಾಸ ಮಾಡಿಸ್ತಾರೆ, ಅಷ್ಟರಲ್ಲಿ ಹಳೇ ಹೋಲ್‌ಸೇಲ್‌ನವರು ಮುಚ್ಕೊಂಡು ಹೋಗಿರ್ತಾರೆ, ಆಮೇಲೆ ರೇಟ್ ಏರಿದ್ರೆ ಹೋಗೋಕೆ ಬೇರೆ ಜಾಗ ಇರಲ್ಲ.

ಹಾಗಾಗಿ ಯಾವುದೇ ಒಕ್ಕೂಟಕ್ಕೆ, ಫ್ರಾಂಚೈಸಿಗೆ, ಆ್ಯಪ್‌ಗೆ ಸೇರೋ ಮುಂಚೆ ಒಪ್ಪಂದದಲ್ಲಿ ಕೆಲವು ವಿಷಯ ಹುಡುಕಿ ಓದಬೇಕು. ಒಟ್ಟು ಖರೀದಿಯಲ್ಲಿ ಎಷ್ಟು ಪಾಲು ಕಡ್ಡಾಯವಾಗಿ ಅವರಿಂದಲೇ ತಗೋಬೇಕು, ಹೊರಗಿಂದ ತಂದ್ರೆ ದಂಡ ಇದೆಯಾ, ಮಾರಾಟದ ಲೆಕ್ಕ ಯಾರಿಗೆ ಸೇರಿದ್ದು, ಬೋರ್ಡು ಫ್ರಿಜ್ಜು ಅವರು ಹಾಕಿಸಿಕೊಟ್ರೆ ಬಿಟ್ಟು ಹೋಗುವಾಗ ಅದರ ದುಡ್ಡು ಯಾರು ಕೊಡಬೇಕು, ಒಕ್ಕೂಟವನ್ನೇ ಬೇರೆಯವರಿಗೆ ಮಾರಿದ್ರೆ ಹೊರಗೆ ಬರೋಕೆ ಅವಕಾಶ ಇದೆಯಾ. ಅದರ ಜೊತೆ ಇನ್ನೊಂದು ಲೆಕ್ಕನೂ ಹಾಕಬೇಕು, ಬೆಳಗ್ಗೆಯಿಂದ ರಾತ್ರಿ ತನಕ ಕೂರೋ ಗಂಡ ಹೆಂಡತಿ ಮಕ್ಕಳ ದುಡಿಮೆಗೆ ಹೊರಗಿನವರಿಗೆ ಕೊಡೋ ಸಂಬಳ ಹಾಕಿದ್ರೆ ಅಂಗಡಿ ಲಾಭದಲ್ಲಿದೆಯಾ ಅಂತ. ಬಹಳಷ್ಟು ಅಂಗಡಿಗಳು ಕಾಗದದ ಮೇಲೆ ಲಾಭದಲ್ಲಿರೋದು ಈ ಸಂಬಳ ಬರೆಯದೇ ಇರೋದರಿಂದ, ಮುಂದಿನ ಪೀಳಿಗೆಯವರು ಬೇಡ ಅಂತ ಬೇರೆ ಕೆಲಸಕ್ಕೆ ಹೊರಡೋದೂ ಅದೇ ಕಾರಣಕ್ಕೆ. ಖರೀದಿ ರೇಟಲ್ಲಿ ಉಳಿಸಿದ ಆ ಎರಡು ಪರ್ಸೆಂಟ್ ಮೊದಲು ಹೋಗಬೇಕಾದ್ದು ಆ ಸಂಬಳಕ್ಕೆ, ಕೊನೇ ಪಕ್ಷ ಸಂಜೆ ಹೊತ್ತು ನಾಲ್ಕು ತಾಸು ಕೂರೋಕೆ ಒಬ್ಬರನ್ನ ಇಟ್ಕೊಳ್ಳೋಕೆ.